ಮರಿ ಹಾಕಿದ ಹಿಟ್ಟು

ಷಾಂಘೈ, 1947

ಅಕ್ಕಾ,

ಯುದ್ಧದ ಕೊನೆಯ ವರ್ಷ ಪೆಸಾಹ್ ಹಬ್ಬ ಮುಗಿದ ಮೇಲೆ ನಾವು ತಿಂದ ಹಿಟ್ಟು ನಿರಾಶ್ರಿತರ ಪರಿಹಾರ ಸಂಘದ್ದಲ್ಲ. ನಿಜ ತಿಳಿದರೆ ಹಿಂದಿರುಗಿಸಿಬಿಡುತ್ತೀಯೆಂದು ಇಷ್ಟು ದಿನ ಮುಚ್ಚಿಟ್ಟಿದ್ದೆ. ಈಗ ಅದು ಕಥೆಯಾಗಿ ನಮ್ಮವರ ಪತ್ರಿಕೆಯಲ್ಲಿ ಅಚ್ಚಾಗಿದೆ, ನನ್ನ ಮೊದಲ ಕಥೆ. ನೀನು ಓದುವ ಮುಂಚೆ ನಾನೇ ಹೇಳಬೇಕು.

ಹಬ್ಬದ ಎಂಟು ದಿನ ಹಿಟ್ಟು ಯಹೂದಿಗಳಾದ ನಮ್ಮದಾಗಿರಬಾರದೆಂದು ಬಿಸಿನೀರು ಮಾರುವ ಅಂಗಡಿಯ ಷೆನ್ ಅಮ್ಮನಿಗೆ ಹೆಸರಿಗೆ ಒಂದು ನಾಣ್ಯಕ್ಕೆ ಮಾರಿದ್ದೆನಲ್ಲ, ಎಂಟು ದಿನದ ಮೇಲೆ ಮರಳಿ ಕೊಳ್ಳಲು ಹೋದರೆ ನಾಲ್ಕು ಹಿಡಿ ಇದ್ದದ್ದು ಚೀಲ ತುಂಬಿತ್ತು.

"ಏನೋ ಹಾಗೆ ನೋಡ್ತೀಯ, ಕಾಗದದ ಹುಳ? ನನ್ನ ಮನೇಲಿ ಮರಿ ಹಾಕ್ತು. ಮರಿ ಬಿಟ್ಟು ತಾಯೀನ ಮಾತ್ರ ಹೊಡ್ಕೊಂಡ್ ಹೋಗ್ತಾರಾ?" ಎಂದಳು.

ಆ ತಿಂಗಳು ಅವಳ ಮಕ್ಕಳು ಕುಡಿದದ್ದು ನೀರುಗಂಜಿ. ಯಹೂದಿಯೆಂದು ವಿಯೆನ್ನಾದ ಶಾಲೆ ನನ್ನನ್ನು ಅಟ್ಟಿತು, ಇಲ್ಲಿಯ ಶಾಲೆಯನ್ನು ನಾನೇ ಬಿಟ್ಟೆ. ಆದರೂ ಇವತ್ತು ಬದುಕಿ ಬರೆಯುತ್ತಿರುವುದು ಆ ಹಿಟ್ಟಿನಿಂದ.

ನನ್ನ ಹಳೆಯ ಕೆಮ್ಮು ಪೂರ್ತಿ ನಿಂತಿದೆ. ಈ ಸಲದ ಹಬ್ಬ ನನಗೆ ಷಾಂಘೈ ಬಿಟ್ಟು ಹೋಗುವ ಹಡಗಿನಲ್ಲಿ. ಉಳಿದ ಹಿಟ್ಟನ್ನು ಇವತ್ತು ಅವಳಿಗೇ ಮಾರಿದೆ. ನಾಣ್ಯ ಕೊಟ್ಟು, ನಾನು ಹೊರಟಿರುವುದು ಗೊತ್ತಿದ್ದೂ, "ಎಂಟು ದಿನ ಬಿಟ್ಟು ಬಾ, ಮರಿ ಸಮೇತ ವಾಪಸ್ ತಗೋ" ಎಂದಳು. ನಾಣ್ಯ ಜೇಬಿಗೆ ಹಾಕಿಕೊಂಡು ಬಂದೆ. ನಾಳೆ ಬೆಳಿಗ್ಗೆ ಹಡಗು ಹೊರಡುತ್ತದೆ.

ಎಗೋನ್