ಅವಳು ತಿರುಗಿಸಿಟ್ಟ ಅಣು

ಮಾರ್ಚ್ ೯, ಭಾನುವಾರ

ಮಗನಂಥ ಅಳಿಯನಿಗೆ,

ನಿನ್ನ ಮಾವನ ಆಶೀರ್ವಾದ. ಹತ್ತು ದಿನದಿಂದ ಬರೆಯುತ್ತೇನೆಂದು ಕೂರುವುದು, ಪೆನ್ನು ಸರಿಯಿಲ್ಲವೆಂದು ಏಳುವುದು, ಇದೇ ಆಯಿತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ನಿನ್ನ ಅತ್ತೆ ಮೊನ್ನೆಯಿಂದ ಎದ್ದು ಓಡಾಡುತ್ತಿದ್ದಾಳೆ. "ಅವನು ಹೊತ್ತಿಗೆ ಸರಿಯಾಗಿ ಊಟ ಮಾಡ್ತಾನಂತಾ, ಕೇಳ್ರೀ" ಎಂದು ದಿನಕ್ಕೆ ನಾಲ್ಕು ಸಲ ನನ್ನ ಜೀವ ತಿನ್ನುತ್ತಾಳೆ. ಉತ್ತರ ಅವಳಿಗೇ ಬರಿ.

ನೀನು ಹೇಳಿದಂತೆ ಮಗಳ ಲ್ಯಾಬಿಗೆ ಹೋಗಿಬಂದೆ. ಆ ಬಾಗಿಲು ದಾಟಲು ನನ್ನಿಂದ ಆಗದು ಎಂದು ನೀನು ಅಂದಿದ್ದೆ. ಅವಳ ಸ್ವೆಟರ್ ಇನ್ನೂ ಕುರ್ಚಿಯ ಬೆನ್ನಿಗೇ ಇದೆ. "ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ ಸರ್. ಅವಳೇ ಬಂದು ಬೈತಾಳೇನೋ ಅನ್ಸುತ್ತೆ" ಎಂದರು ಅಲ್ಲಿಯ ಮೇಡಂ.

ಅಣುಗಳನ್ನು ಬಣ್ಣದ ಗುಂಡು, ಕಡ್ಡಿಗಳಾಗಿ ತೋರಿಸುವ ಆ ಸಾಫ್ಟ್‌ವೇರನ್ನು ತೆರೆದುಕೊಟ್ಟರು. ಕೊನೆಯ ಸಲ ಸೇವ್ ಮಾಡಿದಾಗ ಅಣು ಯಾವ ಮಗ್ಗುಲಲ್ಲಿತ್ತೋ ಅದೇ ಮಗ್ಗುಲಲ್ಲಿ ಮತ್ತೆ ಕಾಣುತ್ತದಂತೆ. ಆ ಸಂಜೆ ಸ್ಕೂಟರ್ ಹತ್ತುವ ಮುಂಚೆ ಅವಳು ಫೋನಿನಲ್ಲಿ ನಿನಗೆ ಅಂದಿದ್ದಳಲ್ಲ: "ಒಂದು ಕಡೆಯಿಂದ ನೋಡಿದ್ರೆ ಈ ಅಣು ನೀನು ಕುರ್ಚೀಲಿ ತೂಕಡಿಸೋ ಹಾಗೇ ಇದೆ ಕಣೋ. ಹಾಗೇ ಸೇವ್ ಮಾಡಿಟ್ಟಿದೀನಿ, ನಾಳೆ ಬಂದು ನೋಡು." ಅಷ್ಟು ಹೇಳಿ ಹೊರಟವಳು ಮನೆ ಮುಟ್ಟಲಿಲ್ಲ.

ಆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಸಿ ಇದರ ಜೊತೆ ಕಳಿಸಿದ್ದೇನೆ.

ಹೊಟ್ಟೆಗೆ ಮೋಸ ಮಾಡಬೇಡ. ನೂರು ಕಾಲ ಬಾಳು ಎನ್ನಲು ಈಗ ಬಾಯಿ ಬರುವುದಿಲ್ಲ. ನಾಳೆಯ ಒಂದು ದಿನವನ್ನು ನೆಟ್ಟಗೆ ಕಳೆ, ಅಷ್ಟು ಸಾಕು.

ನಿನ್ನ ಮಾವ

ಮತ್ತೆ: ತಡವಾದದ್ದು ಪೆನ್ನಿನಿಂದಲ್ಲ. ನೀನು ಫೈಲು ತೆರೆದಾಗ ಕಾಣುವುದು ಅವಳು ಇಟ್ಟದ್ದಲ್ಲ. ನಾನು ತೆರೆದಾಗ ಅದು ಇತ್ತು. ನೀನೇ, ಕತ್ತು ಎಡಕ್ಕೆ ವಾಲಿಸಿ, ಗಲ್ಲ ಎದೆಗೆ ತಾಗಿಸಿ. ಅವಳು ಹೋದಮೇಲೆ ಮೊದಲ ಸಲ ನಕ್ಕೆ. ಆ ಕಡೆಯಿಂದ ಹೇಗಿದ್ದಾನೋ ಎಂದು ತುಸು ತಿರುಗಿಸಿದೆ. ಏಳುವಾಗ, ಮೂವತ್ತು ವರ್ಷ ಮಕ್ಕಳಿಗೆ ಕಂಪ್ಯೂಟರ್ ಕಲಿಸಿದ ಕೈ ತಾನಾಗಿ ಸೇವ್ ಒತ್ತಿತು. "ಸೇವ್ ಮಾಡ್ದೆ ಏಳ್ಬೇಡ" ಎಂದು ಅವಳ ತಲೆಗೆ ಮೊಟಕಿ ಕಲಿಸಿದವನೂ ನಾನೇ. ಬೇರೆ ಪ್ರತಿ ಇಲ್ಲ ಎಂದರು ಮೇಡಂ. ಸಂಜೆಯವರೆಗೂ ಆ ಗುಂಡುಗಳನ್ನು ಹೊರಳಿಸಿದೆ. ನೀನು ಸಿಗಲಿಲ್ಲ. ಅವಳು ನಿನಗೆಂದು ಇಟ್ಟದ್ದನ್ನು ನಾನೊಬ್ಬನೇ ನೋಡಿಬಿಟ್ಟೆ, ಮಗೂ.