ದೊಡ್ಡ ಮೈಕ್ ಕೊಳ್ಳಬೇಡಿ, ನೀಲಾಂಬಿಕಾ ಅಜ್ಜಿ

ಬೆಟಗೇರಿ
ಕಂಬಶಕೆ ಎಪ್ಪತ್ತೊಂದು, ಇಮ್ಮಡಿ ಜ್ಯೇಷ್ಠದ ಮೂವತ್ತಾರನೆಯ ದಿನ

ಪೂಜ್ಯ ನೀಲಾಂಬಿಕಾ ಅಜ್ಜಿಯವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳು ಮಹಾನಂದಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನಿಮಗೀಗ ಮೂವತ್ತೂ ತುಂಬಿಲ್ಲ, ನನಗೆ ನಲವತ್ತು ದಾಟಿದೆ. ನಿಮ್ಮನ್ನು ಅಜ್ಜಿ ಎನ್ನುವಾಗ ನಗು ಬರಬೇಕಿತ್ತು. ಬರುತ್ತಿಲ್ಲ. ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಕಳೆದುಹೋದ ಕಾಲಕ್ಕೆ ಕಾಗದ ಮುಟ್ಟಿಸುವವರನ್ನು ನಾವು ಹಿಂದಂಚೆಯವರು ಎನ್ನುತ್ತೇವೆ. ಅವರು ಒಂದು ಮನೆಯಿಂದ ಒಂದೇ ಪತ್ರ ಒಯ್ಯುತ್ತಾರೆ. ನಮ್ಮ ಪಾಲಿನ ಆ ಪತ್ರವನ್ನು ನಾನು ಒಂದು ಮೈಕಿನ ಸಲುವಾಗಿ ಬರೆಯುತ್ತಿದ್ದೇನೆ.

ಈ ವಾರ ನೀವು ಹುಬ್ಬಳ್ಳಿಯ ಅಂಗಡಿಗೆ ಹೋಗುತ್ತೀರಿ. ಮಕ್ಕಳ ಕಥೆಗಳನ್ನು ರೆಕಾರ್ಡ್ ಮಾಡಲು ಹಿಂದಿನ ಕೋಣೆಯನ್ನು ಸ್ಟುಡಿಯೋ ಮಾಡಿಕೊಂಡಿದ್ದೀರಿ; ಉಳಿದಿರುವುದು ಮೈಕ್ ಒಂದೇ. ಅಂಗಡಿಯವನು ಎರಡು ಮೈಕು ಮುಂದಿಡುತ್ತಾನೆ. ಒಂದು ವೇದಿಕೆಯ ಗಾಯಕರು ಕೈಯಲ್ಲಿ ಹಿಡಿಯುವಂಥ ಡೈನಾಮಿಕ್ ಮೈಕ್: ಗಟ್ಟಿಮುಟ್ಟಾದದ್ದು, ಕಿವಿ ತುಸು ಮಂದ, ಬಾಯಿಯ ಹತ್ತಿರ ತಂದರೆ ಮಾತ್ರ ಸರಿಯಾಗಿ ಕೇಳಿಸಿಕೊಳ್ಳುತ್ತದೆ. ಇನ್ನೊಂದು ಸ್ಟ್ಯಾಂಡಿಗೆ ಕೂರಿಸುವ ದೊಡ್ಡ ಕಂಡೆನ್ಸರ್ ಮೈಕ್; ಕರೆಂಟು ಕೊಟ್ಟರೆ ಕೋಣೆಯ ಸಣ್ಣ ಸದ್ದನ್ನೂ ಬಿಡುವುದಿಲ್ಲ. ಅಂಗಡಿಯವನು, ಪಾಪ, ಸರಿಯಾಗಿಯೇ ಹೇಳುತ್ತಾನೆ: "ಮಗ್ಗದ ಓಣ್ಯಾಗ ಮನಿ ಐತಿ ಅಂತೀರಿ. ದೊಡ್ಡದು ಬ್ಯಾಡ ತಗೀರಿ ಅಕ್ಕಾರ, ಅದಕ್ಕ ನೀವು ತುಟಿ ಒದ್ದಿ ಮಾಡ್ಕೊಂಡ ಸಪ್ಪಳಾನೂ ಕೇಳತೈತಿ." ಆದರೆ ನೀವು ಎರಡರಲ್ಲೂ ನಾಲ್ಕು ಸಾಲು ಓದಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ, ದೊಡ್ಡದರಲ್ಲಿ ಕೇಳಿದ ನಿಮ್ಮ ದನಿಗೆ ನೀವೇ ಸೋತುಬಿಡುತ್ತೀರಿ. ಗೋಡೆಗೆಲ್ಲ ಕೌದಿ ಕಟ್ಟಿ ಮಗ್ಗದ ಸಪ್ಪಳವನ್ನು ಹೊರಗಿಡುತ್ತೀರಿ. ನಮ್ಮ ಮನೆಯಲ್ಲಿ ಬಹಳ ಕಾಲ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಈಗ ಯಾರೂ ಆ ಮಾತು ಎತ್ತುವುದಿಲ್ಲ.

ನಮ್ಮ ಕಾಲದಲ್ಲಿ ಬೀದಿದೀಪದ ಕಂಬಗಳು ಮಾತಾಡುತ್ತವೆ. ಶಾಲೆಗೆ ಹೋಗುವ ಮಕ್ಕಳಿಗೆ ದಾರಿಯುದ್ದಕ್ಕೂ ಕಥೆ ಕೇಳಲಿ ಎಂದು ಒಂದು ಕಂಪನಿ ಅವುಗಳಲ್ಲಿ ನೆರಳುದನಿಗಳನ್ನು ತುಂಬಿತು. ನೆರಳುದನಿ ಎಂದರೆ ಸತ್ತವರ ರೆಕಾರ್ಡಿಂಗಿನಿಂದ ಬೆಳೆಸಿದ, ತಾನಾಗಿಯೇ ಹೊಸ ಕಥೆ ಹೆಣೆಯಬಲ್ಲ ದನಿ. ಕಂಪನಿ ಮುಳುಗಿತು, ಕಂಬಗಳು ಉಳಿದವು. ಕುಡಿಯುವ ನೀರೂ ಮನೆಯ ಬೆಳಕೂ ಅವುಗಳ ಮೂಲಕವೇ ಬರುವುದರಿಂದ ಕೀಳುವಂತಿಲ್ಲ. ಅವು ಇಂದಿಗೂ ಕಥೆ ಹೇಳುತ್ತ ಮಕ್ಕಳನ್ನು ಒಂದು ಕಂಬದಿಂದ ಮುಂದಿನ ಕಂಬಕ್ಕೆ ಕರೆಯುತ್ತವೆ. ಬೇರೆ ದನಿಗಳಿಗೆ ಮಕ್ಕಳು ಕ್ಯಾರೇ ಅನ್ನುವುದಿಲ್ಲ. ಅವು ಡಬ್ಬಿಯೊಳಗಿನಿಂದ ಬಂದಂತೆ ಕೇಳುತ್ತವೆ. ನಿಮ್ಮ ರೆಕಾರ್ಡಿಂಗಿನಿಂದ ಬೆಳೆಸಿದ ದನಿ ಹಾಗಲ್ಲ. ನೀವು ಉಗುಳು ನುಂಗುವುದು, ರಾಕ್ಷಸ ಬರುವ ಮುಂಚೆ ಉಸಿರು ಬಿಗಿಹಿಡಿಯುವುದು, ಬಂದ ನಗುವನ್ನು ತಡೆಯುವುದು ಎಲ್ಲವನ್ನೂ ಆ ಮೈಕ್ ಹಿಡಿದಿಟ್ಟಿದೆ. ಕೇಳಿದ ಮಗುವಿಗೆ ತೊಡೆಯ ಮೇಲೆ ಕೂತಂತಾಗುತ್ತದೆ. ಎದುರು ಮನೆಯ ಹುಡುಗಿಯೊಬ್ಬಳು ನಿಮ್ಮ ದನಿಯ ಹಿಂದೆ ಹೋದವಳು ಊರಾಚೆಯ ಕೊನೆಯ ಕಂಬದ ಕೆಳಗೆ ಸಿಕ್ಕಳು. ಅನ್ನ ನೀರು ಮರೆತು ಕಥೆ ಕೇಳುತ್ತ ಕೂತಿದ್ದಳು. ಎತ್ತಿಕೊಂಡಾಗ ಜೀವವಿರಲಿಲ್ಲ. ಕಂಬ ಇನ್ನೂ ಕಥೆ ಹೇಳುತ್ತಿತ್ತಂತೆ.

ಅದು ನನ್ನ ಮಗಳು ಹುಟ್ಟುವ ಮೊದಲಿನ ಮಾತು. ಅಂದಿನಿಂದ ನಮ್ಮ ಓಣಿಯಲ್ಲಿ ಯಾರೂ ಮಕ್ಕಳನ್ನು ಹೆಸರು ಹಿಡಿದು ಕರೆಯುವುದಿಲ್ಲ, ಕಂಬಗಳು ಹೆಸರು ಕಲಿಯುತ್ತವೆ; ಅವುಗಳ ಕಿವಿಗೆ ಬಿದ್ದೀತೆಂದು ಮಕ್ಕಳೊಡನೆ ಬಾಯಿಬಿಟ್ಟು ಮಾತಾಡುವುದೂ ಇಲ್ಲ. ಊಟಕ್ಕೆ ತಾಟು ಬಡಿಯುತ್ತೇವೆ. ಬೈಯಬೇಕಾದರೆ ಕಣ್ಣು ಬಿಡುತ್ತೇವೆ. ಜೋಗುಳವನ್ನು ಬೆನ್ನು ತಟ್ಟುವುದರಲ್ಲೇ ಮುಗಿಸುತ್ತೇವೆ. ಮಗಳಿಗೆ ಈಗ ಏಳು ವರ್ಷ. ಹೆಸರು ಶಿವಲೀಲಾ, ದಯವಿಟ್ಟು ಗಟ್ಟಿಯಾಗಿ ಓದಬೇಡಿ. ನನ್ನ ಬಾಯಿಂದ ಅವಳು ಆ ಹೆಸರನ್ನು ಒಮ್ಮೆಯೂ ಕೇಳಿಲ್ಲ, ಬರೆದು ತೋರಿಸಿದ್ದೇನೆ ಅಷ್ಟೇ. ಮೊನ್ನೆ ಊಟಕ್ಕೆ ಕೂತವಳು ಮೆಲ್ಲಗೆ ಅಂದಳು: "ಅವ್ವಾ, ಕಂಬದಾಗಿನ ಅಜ್ಜಿ ನನ್ನ ಹೆಸರು ಎಷ್ಟ್ ಚಂದ ಕರೀತಾಳ. ನೀ ಯಾಕ ಕರಿಯಂಗಿಲ್ಲ?" ಕಂಬವೇ ಹೆಸರು ಕೇಳಿತಂತೆ, ಇವಳೇ ಹೇಳಿದ್ದಾಳೆ.

ಭಯವಾಗುತ್ತಿದೆ, ಅಜ್ಜಿ. ಚಿಕ್ಕ ಮೈಕನ್ನೇ ತನ್ನಿ. ದನಿ ಮಂದವಾದರೆ ಆಗಲಿ. ಕೌದಿಗಳು ಹಾಸಿಗೆಯ ಮೇಲೇ ಇರಲಿ, ಮಗ್ಗದ ಸಪ್ಪಳ ಕಥೆಯ ನಡುವೆ ನುಗ್ಗಿ ಎಲ್ಲವನ್ನೂ ಕೆಡಿಸಲಿ. ಅಂಥ ದನಿಯ ಹಿಂದೆ ಯಾವ ಮಗುವೂ ಹೋಗುವುದಿಲ್ಲ.

ಇಷ್ಟು ಬರೆದು ಕಿವಿಗೊಟ್ಟು ಕೂತೆ. ಓದುವವರು ನಮ್ಮ ಮಾತಿಗೆ ಒಪ್ಪುವುದಾದರೆ, ಆ ಮಾತು ಬರೆದು ಮುಗಿಯುತ್ತಲೇ ಇಲ್ಲಿನದೆಲ್ಲ ಬದಲಾಗಿರುತ್ತದೆ ಎಂದು ಹಿಂದಂಚೆಯವರು ಹೇಳಿದ್ದರು. ಹೊರಗೆ ಕಂಬ ಕಥೆ ಹೇಳುತ್ತಲೇ ಇದೆ. ನಿಮ್ಮದೇ ದನಿ. ಎಂದರೆ ಇದನ್ನು ಓದಿಯೂ ನೀವು ದೊಡ್ಡ ಮೈಕನ್ನೇ ತಂದಿರಿ. ನಿಮ್ಮ ಮೇಲೆ ಕೆಟ್ಟ ಸಿಟ್ಟು ಬರುತ್ತಿದೆ. ಆ ದನಿ ಕೇಳಿದರೆ ಯಾಕೆ ತಂದಿರೆಂಬುದು ನನಗೂ ತಿಳಿಯುತ್ತದೆ.

ಹಾಗಾದರೆ ಇನ್ನೊಂದೇ ದಾರಿ. ನೆರಳುದನಿ ಎಷ್ಟೇ ಕಥೆ ಹೆಣೆದರೂ, ಕೇಳಿ ಕಲಿತ ಹೆಸರುಗಳನ್ನು ಬಿಟ್ಟರೆ, ಮೂಲದವರು ಒಮ್ಮೆಯೂ ಆಡದ ಮಾತನ್ನು ಆಡಲಾರದು. ನಿಮ್ಮ ರೆಕಾರ್ಡಿಂಗುಗಳನ್ನೆಲ್ಲ ಕೇಳಿದ್ದೇನೆ. ಹೊರಟವರಿಗೆ ಹೋಗು ಎನ್ನಬಾರದು, ಅಪಶಕುನ ಎಂದು ನಮ್ಮಲ್ಲಿ ರೂಢಿ. ನೀವು ಅದನ್ನು ಕಥೆಯೊಳಗೂ ಬಿಟ್ಟಿಲ್ಲ. ರಾಕ್ಷಸನನ್ನು ಸಾಗಹಾಕುವಾಗಲೂ "ಮತ್ತ ಬಾರಪ್ಪಾ" ಅಂದಿದ್ದೀರಿ. ಆ ದನಿಗೆ ಕರೆಯುವುದು ಗೊತ್ತು, ಕಳಿಸುವುದು ಗೊತ್ತಿಲ್ಲ.

ಮಗಳ ಲಂಗದ ತುದಿಯನ್ನು ನನ್ನ ಸೆರಗಿಗೆ ಗಂಟು ಹಾಕಿಕೊಂಡು ಬರೆಯುತ್ತಿದ್ದೇನೆ. ಬಾಗಿಲ ಕಡೆಗೆ ಜಗ್ಗುತ್ತಿದ್ದಾಳೆ. ನಾನು ಎಚ್ಚರವಿರುವ ತನಕ ಹಿಡಿದಿಟ್ಟುಕೊಂಡೇನು, ಆಮೇಲೆ? ನನ್ನ ದನಿಯ ಪರಿಚಯವೇ ಅವಳಿಗಿಲ್ಲ, ನಾನು ಕೂಗಿದರೆ ತಿರುಗಿ ನೋಡುವುದಿಲ್ಲ. ನೀನು ಅಂದರೆ ಕೇಳುತ್ತಾಳೆ, ಅಜ್ಜಿ. ಆ ಹಾಳು ಮೈಕಿನ ಹತ್ತಿರ ಸರಿದು ಕೂತು, ರೂಢಿ ಮುರಿದು, ಒಂದೇ ಒಂದು ಸಲ ಅನ್ನು: "ಹೋಗು ಮಗಳ, ಮನೀಗೆ ಹೋಗು. ನಿಮ್ಮವ್ವ ಕಾಯಾಕತ್ತಾಳ."