ಏಳನೆಯ ಪುಟದ ಎಣ್ಣೆಕಲೆ

ಬಳ್ಳಾರಿ,
ಅಧಿಕ ಬೇಸಿಗೆ ಮಾಸದ ಮೂವತ್ತನೆಯ ದಿನ, 2197

ಪ್ರೀತಿಯ ಹಂಪಮ್ಮಜ್ಜಿಗೆ,

ತಾರೀಖು ನೋಡಿ ನಗಬೇಡಿ. ಬೇಸಿಗೆ ಹಳೆಯ ಪಂಚಾಂಗದಲ್ಲಿ ಹಿಡಿಸದಾದಾಗ ನಮ್ಮವರು ಅದಕ್ಕೊಂದು ಹದಿಮೂರನೆಯ ತಿಂಗಳನ್ನೇ ಕಟ್ಟಿಕೊಟ್ಟರು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ನಿಮ್ಮ ಕಡತಗಳಿಂದಲೇ ಕಲಿತವಳು, ಹಾಗಾಗಿ ಪ್ರೀತಿಯ ಮಾತಿನಲ್ಲೂ ಪಂಚನಾಮೆಯ ವಾಸನೆ ಹೊಡೆಯುತ್ತದೆ. ಅಜ್ಜಿ ಎಂದದ್ದಕ್ಕೂ ಸಿಟ್ಟಾಗಬೇಡಿ. ಈ ಕಾಗದ ಕಾಲದಲ್ಲಿ ಹಿಂದಕ್ಕೆ ಹೋಗಿ ಕೈಸೇರುವಾಗ ನಿಮಗೆ ಮೂವತ್ತೊಂದು ವರ್ಷ. ಬರೆಯುವ ನನಗೆ ಐವತ್ತೆಂಟು.

ನಾನು ನೀಲಗಂಗಾ, ನಿಮ್ಮ ಮಗಳಿಂದ ಎಣಿಸಿದರೆ ಆರನೆಯ ತಲೆಮಾರು. ದೇಶ ತನಿಖಾ ದಳಕ್ಕೆ ಈ ಊರಿನಿಂದ ಸೇರಿದ ಮೊದಲ ಹೆಂಗಸು ನೀವು, ಕೊನೆಯವಳು ನಾನು. ನಾಳೆ ದಳದ ಮಹಿಳಾ ವಿಭಾಗವನ್ನು ಮುಚ್ಚುತ್ತಾರೆ.

ಇಲ್ಲಿಯ ಬದುಕನ್ನು ನಿಮಗೆ ಹೇಗೆ ಹೇಳಲಿ? ಬೆಳಿಗ್ಗೆ ಒಂಬತ್ತಕ್ಕೆ ಸೈರನ್ ಕೂಗಿದರೆ ಊರೆಲ್ಲ ಒಳಗೆ ಸೇರಬೇಕು. ಸಂಜೆ ಐದರವರೆಗಿನ ಆ ಹೊತ್ತಿಗೆ ನೆರಳುಹೊತ್ತು ಎನ್ನುತ್ತೇವೆ. ಆಗ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ನಮ್ಮ ಸಮವಸ್ತ್ರದ ಹೆಸರು ತಂಪಂಗಿ. ಅದರ ಅಸ್ತರಿಯೊಳಗೆ ನೂಲಿನಷ್ಟು ಸಣ್ಣ ಕೊಳವೆಗಳಲ್ಲಿ ನೀರು ಓಡುತ್ತಿರುತ್ತದೆ. ಅದನ್ನು ಹೊಲಿಯುವುದು ಮಾತ್ರ ಇವತ್ತಿಗೂ ಗಂಡಸರ ಅಳತೆಗೆ. ಸೊಂಟದಲ್ಲಿ ನಾವೇ ಎರಡು ಹೊಲಿಗೆ ಹಿಡಿದುಕೊಳ್ಳುತ್ತೇವೆ, ಹಿಡಿದ ಕಡೆ ನೀರು ನಿಂತುಹೋಗಿ ಮೈ ಬೇಯುತ್ತದೆ. ನೀವು ಗಂಡಸರ ಬೂಟಿನೊಳಗೆ ಹತ್ತಿ ತುರುಕಿಕೊಂಡು ಓಡುತ್ತಿದ್ದಿರಂತೆ. ನೂರೆಪ್ಪತ್ತು ವರ್ಷಕ್ಕೆ ಇಷ್ಟು ಪ್ರಗತಿ!

ನಡುವೆ ಒಳ್ಳೆಯ ದಿನಗಳೂ ಬಂದಿದ್ದವು, ಸುಳ್ಳು ಹೇಳಬಾರದು. ನನ್ನ ಮುತ್ತಜ್ಜಿಯ ಕಾಲಕ್ಕೆ ದಳದ ಮೂವರಲ್ಲಿ ಒಬ್ಬರು ಹೆಂಗಸು. ಬಂದರು ಕಾದರು, ಗಡಿ ಕಾದರು, ಕಳ್ಳಸಾಗಣೆಯ ಜಾಡು ಹಿಡಿದು ವೇಷ ಮರೆಸಿಕೊಂಡು ವರ್ಷಗಟ್ಟಲೆ ಮನೆ ಬಿಟ್ಟರು. ಒಮ್ಮೆ ದಳದ ಮುಖ್ಯಸ್ಥರ ಕುರ್ಚಿಯಲ್ಲೂ ಹೆಂಗಸೇ ಕೂತಿದ್ದಳು. ಆದರೆ ನೀವು ಹಾಕಿಕೊಟ್ಟ ಒಂದು ರೂಢಿಯನ್ನು ಯಾರೂ ಬಿಡಲಿಲ್ಲ. ಅದಕ್ಕೆ ನಮ್ಮಲ್ಲಿ ಕಡತ ದಾಟಿಸುವುದು ಎಂದು ಹೆಸರು.

ನಿಮಗೆ ಇನ್ನೂ ನಡೆಯದೆ ಇರುವ, ನಮಗೆ ನಡೆದುಹೋದ ಸಂಗತಿ ಇದು. ಮುಂದಿನ ವರ್ಷ ಒಂದು ರೈಲು ನಿಲ್ದಾಣದ ಹೆಂಗಸರ ಕೋಣೆಯಲ್ಲಿ, ಬಾಯಿ ಬಿಡದ ಹುಡುಗಿಯೊಬ್ಬಳ ಪಕ್ಕ ನೀವು ಹನ್ನೊಂದು ದಿನ ಕೂರುತ್ತೀರಿ. ಏನೂ ಕೇಳುವುದಿಲ್ಲ, ದಿನಾ ಒಂದು ಪೊಟ್ಟಣ ಒಗ್ಗರಣೆ ಮಂಡಕ್ಕಿ ಒಯ್ಯುತ್ತೀರಿ, ಅಷ್ಟೆ. ಹನ್ನೊಂದನೆಯ ದಿನ ಅವಳು ಮಾತಾಡುತ್ತಾಳೆ. ಇಟ್ಟಿಗೆ ಭಟ್ಟಿಯೊಂದರಿಂದ ಇಪ್ಪತ್ಮೂರು ಹುಡುಗಿಯರು ಮನೆಗೆ ಮರಳುತ್ತಾರೆ. ಆಮೇಲೆ ನೀವು ಕಡತವನ್ನು ಮೇಜಿನ ಆಚೆಗೆ, ಸಾಹೇಬರ ಸಹಿಗೆ ದಾಟಿಸುತ್ತೀರಿ. ಅವರ ಹೆಸರಿದ್ದರೆ ಕೋರ್ಟಿನಲ್ಲಿ ಬೇಗ ನಡೆಯುತ್ತದೆ, ನಿಮ್ಮ ಹೆಸರಿದ್ದರೆ ವಕೀಲರು ಹೆಂಗಸಿನ ಮಾತೆಂದು ವರ್ಷಗಟ್ಟಲೆ ಎಳೆದಾಡುತ್ತಾರೆ ಎಂಬುದು ನಿಮ್ಮ ಲೆಕ್ಕ. ಆಗ ನೀವು ಆಡಿದ ಮಾತು ನಮ್ಮ ಮನೆಯಲ್ಲಿ ಈಗಲೂ ಓಡಾಡುತ್ತದೆ: “ಹುಡ್ಗೇರು ಮನಿ ಸೇರಿದ್ರಲ್ಲ, ಹೆಸ್ರು ಯಾರ್ದಾದ್ರ ನಂಗೇನ್ ಆಗ್ಬೇಕು?”

ಎಂಥ ದೊಡ್ಡ ಮಾತು! ಆ ದೊಡ್ಡತನವೇ ನಮ್ಮನ್ನು ತಿಂದುಹಾಕಿತು. ನಿಮ್ಮ ಹಿಂದೆ ಬಂದವರೆಲ್ಲ ದಾಟಿಸಿದರು. ನಾನೂ ಮೂವತ್ತು ವರ್ಷ ದಾಟಿಸಿದೆ.

ಎರಡು ವರ್ಷದ ಹಿಂದೆ ಸರ್ಕಾರ ಕಡತಜ್ಞಾನಿಯನ್ನು ತಂದಿತು. ಹಳೆಯ ಕಾಗದವನ್ನೆಲ್ಲ ಓದಿ ಒಪ್ಪ ಮಾಡುವ ಯಂತ್ರ ಅದು. ಎಲೆ ಎತ್ತೋ ಗುಂಡ ಅಂದರೆ ಉಂಡವರೆಷ್ಟು ಮಂದಿ ಅಂದನಂತೆ. ಅದು ಒಪ್ಪ ಮಾಡುವ ಬದಲು ಸಹಿಗಳನ್ನು ಎಣಿಸಿತು. ಮುಗಿದ ಪ್ರಕರಣಗಳಲ್ಲಿ ನೂರಕ್ಕೆ ಎರಡರಲ್ಲೂ ಹೆಂಗಸಿನ ಸಹಿ ಸಿಗಲಿಲ್ಲ. ‘ಮಹಿಳಾ ವಿಭಾಗದ ಕೆಲಸ ನಗಣ್ಯ’ ಎಂದು ಬರೆದುಕೊಟ್ಟಿತು. ನಾನು ವಿಚಾರಣೆಗೆ ನಿಮ್ಮ ಕಡತ ಹಿಡಿದುಕೊಂಡು ಹೋದೆ. ಅದರ ಏಳನೆಯ ಪುಟದಲ್ಲಿ ಮಂಡಕ್ಕಿ ತಿಂದ ಬೆರಳಿನ ಎಣ್ಣೆಕಲೆ ಇದೆ, ಹುಡುಗಿಯದೋ ನಿಮ್ಮದೋ ತಿಳಿಯದು. ನಮ್ಮ ಕೆಲಸಕ್ಕೆ ಇದೇ ಸಾಕ್ಷಿ ಎಂದೆ. ಯಂತ್ರ ಪುಟವನ್ನು ನೋಡಿ ದಾಖಲಿಸಿಕೊಂಡಿತು: ‘ಕಲೆ. ಮೌಲ್ಯವಿಲ್ಲ.’ ನಾನು ಅಲ್ಲೇ ಅತ್ತೆ, ನಾಚಿಕೆಯಿಲ್ಲದೆ.

ನನ್ನ ನೌಕರಿ ಹೋದರೆ ಹೋಗಲಿ. ನನ್ನ ಸಂಕಟ ಸುಂಕಮ್ಮನದು. ಹದಿನಾಲ್ಕು ವರ್ಷದ ಹುಡುಗಿ, ಗಣಿ ಲಾರಿಯಿಂದ ಹಾರಿ ತಪ್ಪಿಸಿಕೊಂಡು ಬಂದವಳು. ಅವಳ ಜೊತೆಗಿದ್ದ ಎಂಟು ಜನ ಎಲ್ಲಿದ್ದಾರೆಂದು ಅವಳೊಬ್ಬಳಿಗೇ ಗೊತ್ತು. ಒಂಬತ್ತು ದಿನದಿಂದ ನಾನು ಅವಳ ಪಕ್ಕ ಸುಮ್ಮನೆ ಕೂತಿದ್ದೇನೆ. ಇವತ್ತು ನಸುಕಿನಲ್ಲಿ ಮೊದಲ ಸಲ ಪೊಟ್ಟಣಕ್ಕೆ ಕೈಹಾಕಿ ನಾಲ್ಕು ಕಾಳು ಮಂಡಕ್ಕಿ ತಿಂದಳು. ಇನ್ನೆರಡು ದಿನ ಬೇಕಿತ್ತು. ಕಾಲು ಹಿಡಿದು ಕೇಳಿದರೂ ಕೊಡಲಿಲ್ಲ. ನಾಳೆ ಅವಳ ಮುಂದೆ ಯಂತ್ರ ಕೂರುತ್ತದೆ. ಮೂರು ಸಲ ಕೇಳಿ, ಉತ್ತರ ಬರದಿದ್ದರೆ ‘ದೂರು ಇಲ್ಲ’ ಎಂದು ಬರೆದು ಮುಚ್ಚುತ್ತದೆ. ಹೀಗೆ ಮುಚ್ಚಿದ ಊರುಗಳಲ್ಲಿ ಅಪರಾಧ ಸೊನ್ನೆಗೆ ಇಳಿದಿದೆಯೆಂದು ದಿನಾ ಸುದ್ದಿಯಲ್ಲಿ ಹೇಳುತ್ತಾರೆ.

ನಿಮ್ಮಲ್ಲಿ ಬೇಡುವುದು ಇಷ್ಟೇ. ಮುಂದಿನ ವರ್ಷ ಆ ಕಡತ ಮುಗಿದಾಗ ದಾಟಿಸಬೇಡಿ, ನಿಮ್ಮ ಹೆಸರನ್ನೇ ಬರೆಯಿರಿ. ವಕೀಲ ಎಳೆದಾಡಲಿ, ಸಾಹೇಬರು ಮುನಿಯಲಿ, ತಡವಾಗಲಿ. ನೀವು ಕೇಳುವುದಿಲ್ಲ ಎಂದು ನನಗೆ ಗೊತ್ತು. ಕೇಳಿದ್ದರೆ ನನ್ನ ತೊಡೆಯ ಮೇಲಿರುವ ಈ ಕಡತದಲ್ಲಿ ಸಹಿ ಬದಲಾಗಿರಬೇಕಿತ್ತು. ಈಗಷ್ಟೇ ಮತ್ತೊಮ್ಮೆ ತೆರೆದು ನೋಡಿದೆ. ಅದೇ ಸಾಹೇಬರು, ಅದೇ ನೀಲಿ ಶಾಯಿ.

ಹೊತ್ತಾಯಿತು. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿನ್ನಡೆ ಅಂಚೆ ಸೈರನ್ನಿಗೆ ಮುಂಚೆ ಹೊರಡುತ್ತದೆ. ಅದರೊಳಗೆ ಹಾಕಲು ಅಧಿಕಾರಿಯ ಸಹಿ ಬೇಕು, ನನ್ನ ಸಹಿಯ ಅಧಿಕಾರ ನಿನ್ನೆ ಸಂಜೆಗೇ ಮುಗಿಯಿತು. ಪಕ್ಕದ ಮೇಜಿನ ಕಟ್ಟೆಬಸವ ಒಳ್ಳೆಯ ಹುಡುಗ, ನನ್ನ ಕೈಯಲ್ಲೇ ಕೆಲಸ ಕಲಿತವನು. ಒದ್ದಾಟ ನೋಡಲಾರದೆ ಕೈಚಾಚಿದ: “ಕೊಡ್ರಿ ಅಕ್ಕಾ, ನಾ ಹಾಕ್ತೀನಿ. ನಿಮ್ ಕಾಗ್ದ ಮುಟ್ಟಿದ್ರಾತಲ್ಲ.”

ಬೇಡ ಅನ್ನಬೇಕಿತ್ತು. ಆದರೆ ಕಾಗದ ತಲುಪುವುದು ಮುಖ್ಯವಲ್ಲವೇ ಅಜ್ಜಿ, ಹೆಸರು ಯಾರದಾದರೇನು? ಮೇಜಿನ ಆಚೆಗೆ ದಾಟಿಸುತ್ತಿದ್ದೇನೆ.

ಇಂತು,
ಕಟ್ಟೆಬಸವ
ಉಪಾಧಿಕಾರಿ, ದೇಶ ತನಿಖಾ ದಳ